ಗವರ್ನರ್‌ಗೆಂದು ತಂದ ಪೇಟ

ರಾಲಿ, ಅಮೆರಿಕ, ಜನವರಿ

ಪ್ರೀತಿಯ ಅಕ್ಕನಿಗೆ,

ಆರಾಮಾಗಿದ್ದೇನೆ, ಮೊಣಕಾಲು ನೋವೂ ತಗ್ಗಿದೆ. ಇಲ್ಲಿಯ ಹೊಸ ಗವರ್ನರ್ ಅವರ ಪ್ರಮಾಣವಚನದ ಔತಣಕ್ಕೆ ಆಮಂತ್ರಣ ಬಂದಿತ್ತೆಂದು ಅಳಿಯನ ಗೆಳೆಯ ಗುರುಶಾಂತಪ್ಪ ಹೆಂಡತಿಯೊಂದಿಗೆ ನಮ್ಮಲ್ಲೇ ಇಳಿದಿದ್ದ. ಗವರ್ನರ್‌ಗೆ ಸನ್ಮಾನ ಮಾಡಲು ಮೈಸೂರು ಪೇಟ, ಶಾಲು ತಂದಿದ್ದ. ಬಾಗಿಲಲ್ಲಿ ಪೊಲೀಸರು ಚೀಲವನ್ನೇ ಒಳಗೆ ಬಿಡಲಿಲ್ಲವಂತೆ. ಮುಖ ಸಣ್ಣದು ಮಾಡಿಕೊಂಡು ಮರಳಿದ. ಮರುದಿನ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಗೆ ಬಂದು, “ಬಂದಾಗಿಂದ ಬಿಸಿ ರೊಟ್ಟಿ ಹಾಕಿದವ್ರು ನೀವರೀ ಅಮ್ಮಾರ, ತಲಿ ಸ್ವಲ್ಪ ಬಗ್ಗಸ್ರಿ” ಎಂದವನೇ ಪೇಟ ತೊಡಿಸಿ, ಶಾಲು ಹೊದಿಸಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಯೆಲ್ಲ ಹಿಟ್ಟು, ತೆಗೆಯಲಾಗಲಿಲ್ಲ. ಉಳಿದ ರೊಟ್ಟಿಗಳನ್ನು ಪೇಟ ತೊಟ್ಟೇ ಬಡಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಊರಿಗೆ ಬರುವಾಗ ಶಾಲು ನಿನಗೆ ತರುತ್ತೇನೆ. ಪೇಟ ಮಾತ್ರ ಕೇಳಬೇಡ.

ನಿನ್ನ ತಂಗಿ
ಸಿದ್ದೇಶ್ವರಿ