ಮೊದಲು ಹೊಲಿಗೆ, ಆಮೇಲೆ ಕತ್ತರಿ

ಮಾರ್ಚ್ 2

ಇವತ್ತೂ ಹಾಗೇ. ಊಟದ ಡಬ್ಬಿ ಹಿಡಿದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಕಾಲಿಟ್ಟೆ — ಹೆಂಗಸರ ಮಾತು ನಿಂತಿತು. "ಆಮೇಲೆ ರಕ್ತ..." ಎನ್ನುತ್ತಿದ್ದ ಕಾಲರ್ ಹೊಲಿಯುವ ಅಕ್ಕ ನನ್ನನ್ನು ಕಂಡು ಉಪ್ಪು ಕೇಳಿದಳು. ಚೊಚ್ಚಲ ಬಸುರಿಯ ಮುಂದೆ ಹೆರಿಗೆಯ ಮಾತು ಆಡಬಾರದಂತೆ. ಹಾಗಾಗಿ ನನ್ನ ಹತ್ತಿರ ಇರುವುದೆಲ್ಲ ಅರ್ಧರ್ಧ ಕಥೆ. ಉಳಿದರ್ಧ ನಾನೇ ಕಟ್ಟುತ್ತೇನೆ. ನಾನು ಕಟ್ಟಿದ ಕಥೆಯಲ್ಲಿ ಒಬ್ಬಳೂ ಬದುಕುವುದಿಲ್ಲ.

ಮಾರ್ಚ್ 5

ಮಗು ಹುಟ್ಟುವುದು ಹೇಗೆ ಅನ್ನುವ ಪಾಠ ಬರುವ ಮೊದಲೇ ಶಾಲೆ ಬಿಟ್ಟವಳು ನಾನು. ಗಂಡ ಪೂರ್ತಿ ಓದಿದವನು. ಕೇಳಿದೆ.

"ಟೀಚರ್ ಆ ಪಾಠ ಮನೇಲಿ ಓದ್ಕೊಳ್ಳಿ ಅಂದ್ರು ಕಣೇ."

"ಓದಿದ್ಯಾ?"

"ಚಿತ್ರ ನೋಡ್ದೆ."

ನಕ್ಕೆ. ನಗುತ್ತಲೇ ಅಳು ಬಂತು. ಹೆರಿಗೆಗೆ ಆಪರೇಷನ್ನೇ ಮಾಡಿಸಿಬಿಡು ಎಂದೆ. ಅವನು ಅಮ್ಮನ ಮುಖ ನೋಡಿದ. ನನ್ನಮ್ಮನ ಮುಖ!

"ಎಲ್ಲರೂ ಹೆರಲ್ವಾ? ನಾನು ಹೆರಲಿಲ್ವಾ? ನಾರ್ಮಲ್ಲೇ ಆಗ್ಲಿ," ಎಂದಳು ಅಮ್ಮ.

ಹೊಟ್ಟೆ ನನ್ನದು. ತೀರ್ಪು ಅವರದು.

ಮಾರ್ಚ್ 11, ಮಧ್ಯಾಹ್ನ

ಡಾಕ್ಟರಮ್ಮನ ಮುಂದೆ ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ನಮಗೆ ನಾರ್ಮಲ್ ಸಾಕು ಮೇಡಂ." ನಮಗೆ! ಅವರು ಬರೆದುಕೊಂಡೇಬಿಟ್ಟರು.

ಅಂಗಡಿಗೆ ಬಂದು ಶರ್ಟಿಗೆ ಕಾಜಾ ಹಾಕಲು ಕೂತೆ. ಮೆಷಿನ್ನಿನಲ್ಲಿ ಮೊದಲು ಸುತ್ತ ಹೊಲಿಗೆ, ಆಮೇಲೆ ಗುಂಡಿ ತೂರಲು ನಡುವೆ ಕತ್ತರಿ. ಆಗ ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ. ನಾನು ಮೊದಲೇ ಕತ್ತರಿಸಿಬಿಟ್ಟೆ — ಕತ್ತಿನಿಂದ ಹೊಟ್ಟೆಯವರೆಗೆ, ಸಾಲಾಗಿ. ಮಾಸ್ಟರ್ ಬೈಯಲಿಲ್ಲ. ಶರ್ಟ್ ಮಡಚಿಟ್ಟು, "ಮನೆಗೆ ಹೋಗಮ್ಮ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 19

ಓಡಿಹೋಗಿದ್ದೆ. ಸಿಕ್ಕಿದ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋದೆ. ಹೊಟ್ಟೆಯೂ ಜೊತೆಗೇ ಬಂತು. ಅದೇ ಬಸ್ಸಿಗೆ ವಾಪಸ್.

ನಮ್ಮ ಸ್ಟಾಪಿನಲ್ಲಿ ಅಮ್ಮ. ಕಾಲಿಗೆ ಚಪ್ಪಲಿ ಇಲ್ಲ.

"ಎಲ್ಲಿಗೆ ಹಾಳಾಗಿ ಹೋಗಿದ್ದೆ?"

"ನನ್ನ ಹೆತ್ತಿದ್ದು ಹೇಗೆ ಅಂತ ಹೇಳು. ಪೂರ್ತಿ ಹೇಳು. ಇಲ್ದಿದ್ರೆ ಮತ್ತೆ ಹತ್ತೀನಿ."

ಬೆಂಚಿನ ಮೇಲೆ ಕೂತಳು. "ಕುಯ್ದುಬಿಡಿ ಅಂತ ನಾನೂ ಕೂಗ್ದೆ. ನಿಮ್ಮಜ್ಜಿ ಬಾಯಿಗೆ ಟವೆಲ್ ತುರುಕಿದ್ಳು, ಪಕ್ಕದ ಕೋಣೇಲಿ ಗಂಡಸರಿದಾರೆ ಅಂತ. ಯಾರೂ ನನ್ನ ಕಡೆ ತಿರುಗಿ ನೋಡ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಹೆದರ್ತೀಯ ಅಂತ."

"ಹೇಳ್ದೇ ಇದ್ದಿದ್ದಕ್ಕೇ ಹೆದರಿದ್ದು ಕಣಮ್ಮ."

ಇನ್ನೂ ಹೇಳಿದಳು. ಎಲ್ಲ ಬರೆಯಲಾರೆ. ಹೆದರಿಕೆ ಕಡಿಮೆಯಾಗಲಿಲ್ಲ — ಸುಳ್ಳು ಯಾಕೆ? ಆದರೆ ಈ ಕಥೆಯ ಹೆಂಗಸು ಬದುಕಿದ್ದಳು. ಪಕ್ಕದಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಮಾರ್ಚ್ 23, ಬೆಳಿಗ್ಗೆ

ಆಸ್ಪತ್ರೆ. ನೋವು ಶುರುವಾಗಿದೆ. ಬಿಟ್ಟಾಗ ಬರೆಯುತ್ತಿದ್ದೇನೆ. ಅಕ್ಷರ ನನ್ನದೇ ಅಲ್ಲ ಅನಿಸುತ್ತಿದೆ.

ಡಾಕ್ಟರಮ್ಮ ಅಮ್ಮನ ಕಡೆ ತಿರುಗಿ, "ನಾರ್ಮಲ್ ಅಲ್ವಾ?"

"ನನ್ನನ್ನ ಕೇಳ್ಬೇಡಿ ಮೇಡಂ. ಅವಳನ್ನ ಕೇಳಿ."

ಅವರು ಕುರ್ಚಿ ಎಳೆದು ಕೂತರು. ನಾರ್ಮಲ್, ಆಪರೇಷನ್ ಎರಡನ್ನೂ ಬಿಡಿಸಿ ಹೇಳಿದರು. ನೋವು ತಗ್ಗಿಸುವ ಇಂಜೆಕ್ಷನ್, ಹೊಲಿಗೆ, ಅಪಾಯ... "ಯೋಚ್ನೆ ಮಾಡು. ಒಂದು ರೌಂಡ್ ಮುಗಿಸಿ ಬರ್ತೀನಿ."

ಇಷ್ಟು ದಿನ ತುದಿನಾಲಿಗೆಯಲ್ಲಿದ್ದ ಮಾತು. ಕೇಳಿದಾಗ ಯಾವುದೆಂದು ಹೇಳಲಿ? ಅಮ್ಮ ತಂದ ಟವೆಲ್ ನನ್ನ ಮುಷ್ಟಿಯಲ್ಲಿದೆ. "ಮುಖ ಒರೆಸಿಕೊಳ್ಳೋಕೆ ಮಾತ್ರ," ಎಂದಳು. "ಕೂಗ್ಬೇಕು ಅನಿಸಿದ್ರೆ ಕೂಗು. ಪಕ್ಕದ ಕೋಣೇಲಿ ಯಾರಾದ್ರೂ ಇರ್ಲಿ."

ಮತ್ತೆ ಬರುತ್ತಿದೆ. ಅಯ್ಯೋ.

ಬಾಗಿಲು ತೆರೆಯಿತು. ಅವರೇ. ಹೇಳಿಬಿಡುತ್ತೇನೆ. ನನಗೆ —