ಶೀತಲ್ ಹುಟ್ಟಿದ ಗಳಿಗೆ

ಶನಿವಾರ, ೧೨ ಅಕ್ಟೋಬರ್ ೨೦೨೪. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋಗೆ ಮರಳುವ ರೈಲಿನಲ್ಲಿ.

ಅಕ್ಕಾ,

ನಮ್ಮ ಶೀತಲ್ ಮದುವೆಯಾಗಬೇಕೆಂದಿರುವ ಮಿನ್‌ಜೇಯ ಅಜ್ಜಿ ಇಂದು ನಮ್ಮನ್ನು ಕೊರಿಯಾದ ಜ್ಯೋತಿಷಿಯ ಬಳಿ ಕರೆದೊಯ್ದರು. ಹುಟ್ಟಿದ ವರ್ಷ, ತಿಂಗಳು, ದಿನ, ಗಂಟೆಗಳನ್ನು ನಾಲ್ಕು ಕಂಬಗಳೆಂದು ಬರೆದು ಜೋಡಿ ಕೂಡಿಬರುತ್ತದೆಯೇ ಎಂದು ನೋಡುತ್ತಾರೆ. ನಾನು ಜಾತಕ ನೋಡಿ ಬೆಳಿಗ್ಗೆ ಏಳು ಎಂದೆ. ಮೂರು ಕಂಬ ಚೆನ್ನಾಗಿ ಹೊಂದಿದವು, ಗಂಟೆಯದು ಮಾತ್ರ ಹುಡುಗನಿಗೆ ಎದುರು ಬಿತ್ತು. ಅದು ಸರಿಹೋಗದೆ ಅಜ್ಜಿ ಮದುವೆಯ ದಿನ ಗೊತ್ತು ಮಾಡುವುದಿಲ್ಲ.

"ಹೆರಿಗ್ಯಾಗ ಗಡಿಯಾರ ಯಾರ್ ನೋಡ್ತಾರ, ಇನ್ನೊಮ್ಮೆ ನೆನಪು ಮಾಡ್ಕೋರಿ ಅನ್ನಾಕತ್ತಾರವ್ವಾ" ಎಂದು ಶೀತಲ್ ಅಜ್ಜಿಯ ಮಾತನ್ನು ನಗುತ್ತ ತಿಳಿಸಿದಳು.

ಗಡಿಯಾರ ನೋಡಿದವಳು ನೀನೇ ಅಲ್ಲವೇ? ನಸುಕಿನ ನಾಲ್ಕು ಗಂಟೆ ಹತ್ತು ನಿಮಿಷ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲ ಎನ್ನುತ್ತಾರೆಂದು ಹೆದರಿ, ಮುಂದಿನ ನಕ್ಷತ್ರ ಬರುವಂತೆ ಜಾತಕದಲ್ಲಿ ಅದನ್ನು ಏಳು ಮಾಡಿಸಿದವರು ನಾವಿಬ್ಬರೇ. ಅವಳಿಗೆ ಇದು ಗೊತ್ತಿಲ್ಲ.

ಅಜ್ಜಿ ಬಹಳ ಒಳ್ಳೆಯವರು. ನಾನು ಅನುವಾದದಲ್ಲಿ ಓದಿದ ಕೊರಿಯಾದ ಅಜ್ಜಿಯರೆಲ್ಲ ಮಿತಭಾಷಿಗಳು, ಇವರು ಬೆನ್ನಿಗೆ ಹೊಡೆದು ನಗುತ್ತಾರೆ. ಅವರ ಎಲೆಕೋಸಿನ ಉಪ್ಪಿನಕಾಯಿ ನಮ್ಮ ರಂಜಕದ ಚಟ್ನಿಯಷ್ಟೇ ಖಾರ, ಎರಡು ಸಲ ಹಾಕಿಸಿಕೊಂಡೆ. ಮೊಣಕಾಲು ನೋವು ಕಡಿಮೆಯಾಗಿದೆ. ಗುಳಿಗೆ ತಿಂಗಳ ಕೊನೆಯವರೆಗೆ ಸಾಕು.

ನಿಜವಾದ ಗಂಟೆಯ ಫಲ ಇನ್ನೂ ಕೆಟ್ಟದಾಗಿರಬಹುದು. ಆದರೂ ನಾಳೆ ಬೆಳಿಗ್ಗೆ ಮೊದಲು ಶೀತಲ್‌ಗೆ, ಆಮೇಲೆ ಅಜ್ಜಿಗೆ ಆ ಗಂಟೆಯನ್ನೇ ಹೇಳುವುದೆಂದು ನಿಶ್ಚಯಿಸಿದ್ದೇನೆ. ನಿನ್ನ ಹೆಸರನ್ನೂ ಹೇಳುತ್ತೇನೆ.

ನಿನ್ನ ತಂಗಿ,
ಸುಲೋಚನಾ