ಇಂದುಮತಿ ಅಕ್ಕನ ತೋರುಬೆರಳು

ಗದಗ, ೩೧ ಸೆಪ್ಟೆಂಬರ್ ೨೧೬೮
(ನಮ್ಮ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿಗೆ ಮೂವತ್ತೊಂದು ದಿನ. ಗಾಬರಿಯಾಗಬೇಡಿ.)

ಪ್ರೀತಿಯ ಇಂದುಮತಿ ಅಕ್ಕನವರಿಗೆ,

ಗುರುತಿಲ್ಲದವಳು ಹೀಗೆ ಪತ್ರ ಬರೆಯುತ್ತಿದ್ದೇನೆ, ಸಾರಿ. ನನ್ನದು ಹಾಸ್ಟೆಲಿನ ಕನ್ನಡ, ಅರ್ಧ ಇಂಗ್ಲಿಷು, ಅದಕ್ಕೂ ಸಾರಿ. ನಿಮ್ಮನ್ನು ಮುತ್ತಜ್ಜಿ ಅನ್ನಬೇಕೋ ಅಕ್ಕ ಅನ್ನಬೇಕೋ ಎಂದು ತಿಳಿಯದೆ ಮೂರು ಸಲ ಹೊಡೆದುಹಾಕಿ ಬರೆದೆ. ಈ ಪತ್ರ ತಲುಪುವಾಗ ನೀವೂ ನನ್ನ ಹಾಗೆ ಫಸ್ಟ್ ಇಯರಿನಲ್ಲೇ ಇರುತ್ತೀರಂತೆ. ಹಿಂದಂಚೆಯವರು ಹೇಳಿದರು. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಪತ್ರ ಒಯ್ಯುವ ಅಂಚೆ. ವಿದ್ಯಾರ್ಥಿಗಳಿಗೆ ವರ್ಷಕ್ಕೊಂದು ಪತ್ರ ಕೊಡುತ್ತಾರೆ. ನನ್ನದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಲ್ಯಾಪ್‌ಟಾಪ್ ಈಗ ನಮ್ಮ ಏಳನೇ ಕೋಣೆಯಲ್ಲಿದೆ. ನಮ್ಮಲ್ಲಿ ಯಂತ್ರ ಎಸೆಯುವಂತಿಲ್ಲ, ರಿಪೇರಿ ಮಾಡಿಕೊಂಡೇ ಬಾಳಿಸಬೇಕು. ಕೀಬೋರ್ಡ್ ಆರು ಸಲ, ಸ್ಕ್ರೀನ್ ನಾಲ್ಕು ಸಲ ಬದಲಾಗಿದೆ. ಬೆರಳಚ್ಚು ಓದುವ ಉಗುರಗಲದ ಗಾಜು ಮಾತ್ರ ನಿಮ್ಮದೇ. ಒಳಗೆ ಯಂತ್ರ ನಡೆಸುವುದೂ ನೀವು ಹಾಕಿದ ಲಿನಕ್ಸೇ. ಫಿಂಗರ್‌ಪ್ರಿಂಟ್ ಲಾಗಿನ್ ಹಾಕುವುದು ಹೇಗೆ ಎಂದು ನೀವು ಬರೆದಿಟ್ಟ ಫೈಲನ್ನು ನಾವು ಈಗಲೂ ಓದುತ್ತೇವೆ. ‘ಪಾಸ್‌ವರ್ಡ್ ಸಾಲನ್ನು ಮಾತ್ರ ತೆಗೀಬೇಡ, ಬೆರಳು ಕೈಕೊಟ್ಟರೆ ಹೊರಗೇ ನಿಲ್ಲುತ್ತೀಯ’ ಎಂದು ನೀವು ಬರೆದದ್ದು ನಿನ್ನೆ ನನ್ನ ಜೀವ ಉಳಿಸಿತು.

ವಿಷಯ ಹೀಗಿದೆ. ಇಲ್ಲಿ ಒಂದು ಕೋಣೆಗೆ ಒಂದೇ ಖಾತೆ. ಖಾತೆಯ ಹೆಸರನ್ನು ಯಾರೂ ಬದಲಾಯಿಸಿಲ್ಲ, ಅದು ಇನ್ನೂ ಇಂದುಮತಿ. ಒಂದು ಖಾತೆಗೆ ಯಂತ್ರ ಹತ್ತು ಬೆರಳಿನವರೆಗೆ ತೆಗೆದುಕೊಳ್ಳುತ್ತದಲ್ಲ, ನಾವು ಬೆರಳಿಗೊಬ್ಬಳಂತೆ ಹಂಚಿಕೊಂಡಿದ್ದೇವೆ. ಹಿರಿಯಳಾದ ನೀಲವ್ವಕ್ಕ ಬಲ ಹೆಬ್ಬೆರಳು, ತಬಸ್ಸುಮ್ ಎಡ ಕಿರುಬೆರಳು. ಕೂಗುವುದೂ ಹಾಗೆಯೇ: “ಏ ಎಡ ಕಿರುಬೆರಳ, ಲಗೂನ ಬಾ, ರೊಟ್ಟಿ ಆರ್ತಾವು!” ಒಂಬತ್ತು ಜಾಗದಲ್ಲಿ ಒಂಬತ್ತು ಹುಡುಗಿಯರು. ಹತ್ತನೆಯದಾದ ಬಲ ತೋರುಬೆರಳಿನಲ್ಲಿ ನೀವಿದ್ದಿರಿ. ಹತ್ತನೇ ಹುಡುಗಿ ನಾನು. ಶುಕ್ರವಾರ ವಾರ್ಡನ್ ಬೆರಳಿನ ಪಟ್ಟಿ ತೆಗೆದು ನೋಡುತ್ತಾರೆ. ಅದರಲ್ಲಿ ಇಲ್ಲದವಳನ್ನು ಹಿಂದಿನ ಬ್ಲಾಕಿಗೆ ಕಳಿಸುತ್ತಾರೆ. ನನಗೆ ಅಲ್ಲಿ ಯಾರೂ ಗೊತ್ತಿಲ್ಲ, ಅಕ್ಕ. ಇಲ್ಲಿ ಈಗಷ್ಟೇ ನಿದ್ದೆ ಬರತೊಡಗಿದೆ.

ಬೆರಳಿನವರನ್ನು ಕೇಳದೆ ಬೆರಳು ಅಳಿಸಬಾರದು ಎಂಬುದು ಕೋಣೆಯ ರೂಲ್. ನೀಲವ್ವಕ್ಕ ನಕ್ಕಳು. “ಯಾರ್ನ ಕೇಳ್ತಿ? ಆಕಿ ಹೋಗಿ ಎಷ್ಟ್ ವರ್ಷಾತು. ಅಳಿಸಿ ಒಗಿ!” (ಸಾರಿ ಅಕ್ಕ, ಅವಳು ಅಂದದ್ದನ್ನು ಹಾಗೇ ಬರೆದೆ.) ನಾನು ಟೆನ್ಷನ್ನಿನಲ್ಲಿ ಅಳಿಸುವ ಆಜ್ಞೆ ಟೈಪ್ ಮಾಡಿ, ಮುಂದೆ ನಿಮ್ಮ ಹೆಸರು ಹಾಕಿ, ಎಂಟರ್ ಒತ್ತಿಬಿಟ್ಟೆ. ಯಾವ ಬೆರಳು ಎಂದು ಹೇಳಲೇ ಇಲ್ಲ. ನಿಮ್ಮ ಹೆಸರು ಹಾಕಿದರೆ ನೀವೊಬ್ಬರೇ ಹೋಗುತ್ತೀರಿ ಎಂದುಕೊಂಡಿದ್ದೆ. ಆದರೆ ಯಂತ್ರದ ಲೆಕ್ಕದಲ್ಲಿ ಏಳನೇ ಕೋಣೆಯವರೆಲ್ಲ ಇಂದುಮತಿಯೇ. ಹತ್ತೂ ಬೆರಳು ಹೋದವು.

ನಾನು ಅಳುತ್ತಾ ನಿಂತೆ. ತಬಸ್ಸುಮ್ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾನೂ ಇಂದುಮತಿನ, ನೀಲವ್ವಕ್ಕನೂ ಇಂದುಮತಿನ. ಮನೀ ಮಂದೀನೆಲ್ಲಾ ಒಮ್ಮೆಲೇ ತೊಳದ್ ಹಾಕಿದೆಲ್ಲ!” ಪಾಸ್‌ವರ್ಡ್ ಇದ್ದದ್ದರಿಂದ ಒಳಗೆ ಹೋದೆವು. ತಿಂಡಿಗೆ ಮೊದಲು ಒಂಬತ್ತು ಜನ ಸಾಲಾಗಿ ನಿಂತು ಗಾಜಿನ ಮೇಲೆ ಬೆರಳು ಇಟ್ಟು, ಎತ್ತಿ, ಮತ್ತೆ ಇಟ್ಟರು. ಯಾರೂ ಬೈಯಲಿಲ್ಲ. ಬಲ ತೋರುಬೆರಳನ್ನು ಖಾಲಿ ಬಿಟ್ಟು, “ಇಡು, ನಿಂದು” ಎಂದರು.

ನಾನು ಇಟ್ಟಿಲ್ಲ. ಅವರೆಲ್ಲ ಮತ್ತೆ ಬೆರಳು ಕೊಟ್ಟರು, ನೀವು ಕೊಡಲಾರಿರಿ. ನೂರಾ ನಲವತ್ತು ವರ್ಷ ಉಳಿದಿದ್ದ ನಿಮ್ಮ ಗುರುತನ್ನು ಕೇಳದೆ ಅಳಿಸಿದವಳು ನಾನು. ನಿಮ್ಮ ಕಾಲದಲ್ಲಿ ಅದು ಇನ್ನೂ ಇದೆ, ಇವತ್ತೂ ಕೆಲಸ ಮಾಡುತ್ತದೆ, ಹೆದರಬೇಡಿ. ಮಾಡಿದ ಮೇಲಾದರೂ ಕೇಳೋಣ ಎಂದು ಬರೆಯುತ್ತಿದ್ದೇನೆ: ಆ ಜಾಗದಲ್ಲಿ ನನ್ನ ಬೆರಳು ಇಡಲೇ?

ಬೇಡ ಎಂದರೆ ಹಿಂದಿನ ಬ್ಲಾಕಿಗೆ ಹೋಗುತ್ತೇನೆ, ಬೇಜಾರಿಲ್ಲ. ಅಂದರೆ, ಇದೆ. ಆದರೆ ಹೋಗುತ್ತೇನೆ. ನಿಮ್ಮ ಫೈಲಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಇಲ್ಲಿ ಕೂಡಲೇ ಕಾಣಿಸುತ್ತದಂತೆ. ಇವತ್ತು ಬುಧವಾರ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ,
ದಾಕ್ಷಾಯಿಣಿ
ಏಳನೇ ಕೋಣೆ